ಅಳತೆಯ ವಿದ್ಯುತ್ತು, ಅಳತೆಯ ಧ್ವನಿ

ಗೋಡೆಯ ಸಾಕೆಟ್‌ನಿಂದ ಬರುವ ವಿದ್ಯುತ್ತಿಗೆ ತಳವೆಂಬುದು ಕಾಣುವುದಿಲ್ಲ. ತಿಂಗಳ ಬಿಲ್ಲು ಕೈಸೇರುವವರೆಗೆ ಅದನ್ನೆಷ್ಟು ಬಳಸಿದೆವೆಂಬ ಯೋಚನೆಯೂ ಹೆಚ್ಚಿನವರಿಗೆ ಬರುವುದಿಲ್ಲ. ಬ್ಯಾಟರಿಯದ್ದಾದರೋ ಕೊಡದಲ್ಲಿಟ್ಟ ನೀರಿನ ಸ್ವಭಾವ. ಮೊಗೆದಷ್ಟೂ ಇಳಿಯುತ್ತದೆ, ಕೊನೆಗೆ ತಳ ಕಾಣುತ್ತದೆ. ಮನೆಯ ಧ್ವನಿವ್ಯವಸ್ಥೆಯನ್ನು ಬ್ಯಾಟರಿಗೆ ಜೋಡಿಸಿದ ಬಳಿಕ ನಮ್ಮ ಮನೆಯವರೆಲ್ಲರೂ ಈ ವ್ಯತ್ಯಾಸವನ್ನು ಪ್ರತಿದಿನ ಅನುಭವಿಸುತ್ತಿದ್ದೇವೆ.

ಇದಕ್ಕೆ ಕಾರಣ ನಮ್ಮ ಉಮ್ಮ. ಅವರಿಗೆ ಎಪ್ಪತ್ತು ದಾಟಿದೆ. ದೃಷ್ಟಿ ಮಂದವಾದುದರಿಂದ ಮುಸ್‌ಹಫ್ ತೆರೆದು ಓದಲು ಅವರಿಂದ ಆಗುತ್ತಿಲ್ಲ. ಮಗ್ರಿಬ್‌ನಿಂದ ಇಶಾದವರೆಗೆ ಕುರ್‌ಆನ್ ಪಾರಾಯಣವನ್ನು ಆಲಿಸುವುದೇ ಅವರ ಪಾಲಿನ ಓದು. ಆದರೆ ಕರಾವಳಿಯ ಮಳೆಗಾಲದಲ್ಲಿ ತಂತಿಯ ಮೇಲೆ ಕೊಂಬೆ ಬಿದ್ದರೆ ಸಾಕು, ಗಂಟೆಗಟ್ಟಲೆ ಕತ್ತಲು. ಸೂರಾ ಅರ್ಧಕ್ಕೇ ನಿಂತುಬಿಡುತ್ತದೆ. ಮೊಬೈಲ್‌ನ ಸಣ್ಣ ಸ್ಪೀಕರ್‌ನಲ್ಲಿ ಅಕ್ಷರಗಳು ಅವರಿಗೆ ಸ್ಪಷ್ಟವಾಗಿ ಕೇಳಿಸುವುದಿಲ್ಲ. ಕತ್ತಲಲ್ಲಿ ಸುಮ್ಮನೆ ಕುಳಿತಿರುವ ಅವರನ್ನು ನೋಡಿ ಸಹಿಸಲಾಗದೆ ನಾವು ಬೇರೆ ದಾರಿ ಹುಡುಕಿದೆವು.

ಇನ್ವರ್ಟರ್ ಇಟ್ಟರಾಗದೇ ಎಂದು ಹಲವರು ಕೇಳಿದರು. ಇನ್ವರ್ಟರ್ ಬ್ಯಾಟರಿಯ 12 ವೋಲ್ಟನ್ನು 230 ವೋಲ್ಟಿಗೆ ಏರಿಸುತ್ತದೆ. ಆಂಪ್ಲಿಫೈಯರ್ ಅದನ್ನು ಮತ್ತೆ ಕೆಳಕ್ಕಿಳಿಸಿ ಬಳಸಿಕೊಳ್ಳುತ್ತದೆ. ಏರಿಸುವಾಗಲೂ ಇಳಿಸುವಾಗಲೂ ಒಂದಷ್ಟು ಶಕ್ತಿ ಶಾಖವಾಗಿ ನಷ್ಟವಾಗುತ್ತದೆ. ಅಗ್ಗದ ಇನ್ವರ್ಟರ್‌ಗಳ ಚೌಕಾಕಾರದ ಅಲೆಯಿಂದ ಸ್ಪೀಕರ್‌ನಲ್ಲಿ ಗುಂಯ್‌ಗುಡುವ ಸದ್ದೂ ಸೇರಿಕೊಳ್ಳುವುದುಂಟು. ನೇರವಾಗಿ 12 ವೋಲ್ಟಿನಲ್ಲೇ ನಡೆಯುವ 'ಡಿ' ವರ್ಗದ ಪುಟ್ಟ ಆಂಪ್ಲಿಫೈಯರ್‌ಗಳು ಈಗ ಸುಲಭವಾಗಿ ಸಿಗುತ್ತವೆ. ಅಂಥದ್ದೊಂದು 8 ಓಮ್‌ನ ಸ್ಪೀಕರ್‌ಗೆ ಸುಮಾರು 8 ವ್ಯಾಟ್ ಕೊಡಬಲ್ಲದು. ಒಂದು ಕೋಣೆಗೆ ಅದು ಧಾರಾಳ.

ನಾವು ತಂದದ್ದು 12 ವೋಲ್ಟ್, 7 ಆಂಪಿಯರ್-ಗಂಟೆಯ ಮುಚ್ಚಿದ ಸೀಸ-ಆಮ್ಲ ಬ್ಯಾಟರಿ. ಎರಡನ್ನೂ ಗುಣಿಸಿದರೆ 84 ವ್ಯಾಟ್-ಗಂಟೆ. ಈ ಬಗೆಯ ಬ್ಯಾಟರಿ ಬಹುಕಾಲ ಬಾಳಬೇಕಾದರೆ ಅರ್ಧದಷ್ಟನ್ನು ಮಾತ್ರ ಬಳಸುವುದು ಲೇಸು. ಹಾಗಾಗಿ ನಮ್ಮ ಪಾಲಿಗೆ 42. ಸಾಧಾರಣ ಧ್ವನಿಯಲ್ಲಿ ಒಟ್ಟು ವ್ಯವಸ್ಥೆ 6 ವ್ಯಾಟ್ ತೆಗೆದುಕೊಂಡರೆ ಸುಮಾರು 7 ಗಂಟೆ ನಡೆಯುತ್ತದೆ. ಪೂರ್ತಿ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.7 ವೋಲ್ಟ್ ತೋರಿಸಿದರೆ, ಅರ್ಧ ಖಾಲಿಯಾದಾಗ 12.1ರ ಆಸುಪಾಸಿಗೆ ಇಳಿದಿರುತ್ತದೆ. ಖಾಲಿಯಾದುದನ್ನು ಹಾಗೆಯೇ ಬಿಟ್ಟರೆ ಒಳಗೆ ಸೀಸದ ಸಲ್ಫೇಟ್ ಹರಳುಗಟ್ಟಿ ಅದರ ಶಕ್ತಿ ಕುಂದುತ್ತದೆ. ಆದುದರಿಂದ ಕರೆಂಟು ಬಂದೊಡನೆ ಚಾರ್ಜ್ ಮಾಡುವುದು ಮನೆಯ ಕ್ರಮವಾಗಿದೆ.

ಸುರಕ್ಷತೆಯ ವಿಷಯದಲ್ಲಿ ಉದಾಸೀನ ಸಲ್ಲದು. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಎರಡು ತಂತಿಗಳು ಒಂದಕ್ಕೊಂದು ತಗುಲಿದರೆ ಅವು ಕೆಂಡವಾಗುವಷ್ಟು ಪ್ರವಾಹ ಹರಿದೀತು. ಧನ ತುದಿಯ ಹತ್ತಿರದಲ್ಲೇ ಒಂದು ಫ್ಯೂಸ್ ಇರಲೇಬೇಕು. ಚಾರ್ಜ್ ಆಗುವಾಗ ಜಲಜನಕ ಹೊಮ್ಮುವ ಸಾಧ್ಯತೆಯಿರುವುದರಿಂದ ಗಾಳಿಯಾಡುವ ಸ್ಥಳದಲ್ಲಿಡಬೇಕು. ಹಳೆಯದನ್ನು ತೋಟದ ಮೂಲೆಗೆ ಎಸೆಯದೆ ಅಂಗಡಿಗೇ ಹಿಂದಿರುಗಿಸಬೇಕು. ಸೀಸವು ಮಣ್ಣಿಗೂ ಬಾವಿಗೂ ಮಕ್ಕಳಿಗೂ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಆಶಯವೂ ಇದೇ.

ನಿರೀಕ್ಷಿಸದೆ ದೊರೆತ ಲಾಭವೊಂದಿದೆ. ನಮ್ಮ ದೇಶದ ವಿದ್ಯುತ್ ಪ್ರವಾಹವು ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ಅದರ ಗುನುಗು ಎಷ್ಟೋ ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಸಣ್ಣಗೆ ಕೇಳಿಸುತ್ತಿರುತ್ತದೆ. ಬ್ಯಾಟರಿಯಿಂದ ಬರುವ ನೇರ ಪ್ರವಾಹದಲ್ಲಿ ಆ ಗುನುಗಿಲ್ಲ. ಆದರೆ ಅದೇ ಹೊತ್ತಿಗೆ ಮೊಬೈಲನ್ನು ಗೋಡೆಯ ಚಾರ್ಜರಿಗೆ ಸಿಕ್ಕಿಸಿದರೆ ಸದ್ದು ಮರಳಿ ಬರಬಹುದು. ಈಜಿಪ್ಟಿನ ಖಾರಿ ಅಬ್ದುಲ್ ಬಾಸಿತ್ ಅಬ್ದುಸ್ಸಮದ್ (1927-1988) ಅವರ ನಿಧಾನಗತಿಯ ಪಾರಾಯಣವನ್ನು ಕೇಳಿದವರಿಗೆ ಗೊತ್ತು, ಒಂದು ಉಸಿರು ಮುಗಿದು ಮುಂದಿನದು ಆರಂಭವಾಗುವ ನಡುವಿನ ಮೌನಕ್ಕೂ ಎಂಥ ತೂಕವಿದೆಯೆಂದು. ಆ ಮೌನ ಈಗ ಮೌನವಾಗಿಯೇ ಕೇಳಿಸುತ್ತದೆ.

ಬ್ಯಾಟರಿಯ ಮಿತಿಯು ಕೇಳುವ ಶಿಸ್ತನ್ನೂ ಕಲಿಸುತ್ತದೆ. ಮುಗಿಯದ ವಿದ್ಯುತ್ತಿದ್ದಾಗ ಪಾರಾಯಣವು ಅಡುಗೆಮನೆಯ ಮಾತುಕತೆಯ ಹಿನ್ನೆಲೆಯಾಗಿಬಿಡುವುದನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಕುರ್‌ಆನ್ ಪಠಿಸಲ್ಪಡುವಾಗ ಮೌನವಾಗಿ ಕಿವಿಗೊಡಬೇಕೆಂದು ಸ್ವತಃ ಕುರ್‌ಆನೇ ಆದೇಶಿಸುತ್ತದೆ. ಏಳು ಗಂಟೆ ಮಾತ್ರ ಇದೆಯೆಂದು ತಿಳಿದಾಗ ಯಾವುದನ್ನು, ಯಾವಾಗ, ಯಾರೊಂದಿಗೆ ಕುಳಿತು ಕೇಳಬೇಕೆಂದು ಮನೆಮಂದಿ ನಿರ್ಧರಿಸಬೇಕಾಗುತ್ತದೆ. ಕೇಳಿ ಮುಗಿದೊಡನೆ ಗುಂಡಿ ಆರಿಸುವುದನ್ನು ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ.

ಧ್ವನಿಯ ಲೆಕ್ಕಾಚಾರವೂ ಯೋಚಿಸತಕ್ಕದ್ದು. ಕಿವಿಗೆ ಸದ್ದು ಇಮ್ಮಡಿಯಾದಂತೆ ಅನಿಸಬೇಕಾದರೆ ಸ್ಪೀಕರ್‌ಗೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಅತ್ತ ಬ್ಯಾಟರಿ ಬೇಗನೆ ಬರಿದಾಗುತ್ತದೆ, ಇತ್ತ ನೆರೆಮನೆಯ ರೋಗಿಯ ನಿದ್ರೆಯೂ ಪರೀಕ್ಷೆಗೆ ಓದುವ ಮಗುವಿನ ಏಕಾಗ್ರತೆಯೂ ಕೆಡುತ್ತವೆ. ಲುಕ್ಮಾನರು ತಮ್ಮ ಮಗನಿಗೆ ನೀಡಿದ ಉಪದೇಶಗಳಲ್ಲಿ ಧ್ವನಿಯನ್ನು ತಗ್ಗಿಸುವ ಮಾತೂ ಇರುವುದನ್ನು ಇಲ್ಲಿ ಸ್ಮರಿಸಬಹುದು.

ಹಾಗಾದರೆ ಹಂಚಿನ ಮೇಲೆ ಮಳೆ ಭೋರ್ಗರೆಯುವಾಗ ಏನು ಮಾಡುವುದು? ಅದಕ್ಕೂ ಉತ್ತರವಿದೆ. ಬಯಲಿನಲ್ಲಾದರೆ, ಸ್ಪೀಕರ್‌ಗೂ ಕೇಳುವವರಿಗೂ ಇರುವ ದೂರವನ್ನು ಅರ್ಧ ಮಾಡಿದಾಗ ಅಷ್ಟೇ ಸದ್ದಿಗೆ ಕಾಲುಭಾಗ ಶಕ್ತಿ ಸಾಕು. ಕೋಣೆಯೊಳಗೆ ಅಷ್ಟು ದೊಡ್ಡ ಉಳಿತಾಯವಾಗದಿದ್ದರೂ ವ್ಯತ್ಯಾಸ ಗಣನೀಯ. ಆದುದರಿಂದ ನಾವು ಸದ್ದನ್ನು ಏರಿಸದೆ ಉಮ್ಮನ ಮಂಚದ ಬಳಿಗೇ ಸ್ಪೀಕರನ್ನು ಸರಿಸಿದೆವು. ಕೇಳಬಯಸುವ ಉಳಿದವರೂ ಅವರ ಪಕ್ಕಕ್ಕೇ ಹೋಗಿ ಕೂರಬೇಕು. ಬೇರೆ ಬೇರೆ ಕೋಣೆಗಳಲ್ಲಿ ಚದುರಿರುತ್ತಿದ್ದ ಮೊಮ್ಮಕ್ಕಳು ಮಳೆಯ ಸಂಜೆಗಳಲ್ಲಿ ಈಗ ಅಜ್ಜಿಯ ಸುತ್ತ ಇರುತ್ತಾರೆ. ಅಲ್ಲಾಹನು ಅವರ ಆಲಿಸುವಿಕೆಯನ್ನು ಸ್ವೀಕರಿಸಲಿ, ಅವರ ಕಿವಿಯ ಶಕ್ತಿಯನ್ನು ಕೊನೆಯವರೆಗೂ ಕಾಪಾಡಲಿ.