ಹಂದಿಯ ಜೊತೆ ಬೆಳಗಿನ ವಾಕಿಂಗ್

ಮಕ್ಕಳೇ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ನೀವು ನೋಡಿದ್ದೀರಾ? ನಮ್ಮೂರು ದೊಡ್ಡಬಳ್ಳಾಪುರದ ಪಕ್ಕ. ಹುಡುಗನಾಗಿದ್ದಾಗ ಅಪ್ಪನ ಜೊತೆ ಎತ್ತು ಹೊಡೆದುಕೊಂಡು ಆ ಜಾತ್ರೆಗೆ ನಡೆದೇ ಹೋಗುತ್ತಿದ್ದೆ. ಹಾಗಾಗಿ, ಪ್ರಾಣಿ ಪಳಗಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಜಂಬ ನನ್ನದು. ಅದು ಇಳಿದದ್ದು ಅಮೆರಿಕದಲ್ಲಿ, ಒಂದು ಹಂದಿಯ ಮುಂದೆ!

ನನ್ನ ಮಗಳ ಮನೆ ಇರುವುದು ಅಯೋವಾ ರಾಜ್ಯದ ರಾಜಧಾನಿ ಡಿ ಮೊಯ್ನ್ ನಗರದ ಅಂಚಿನಲ್ಲಿ. ಮನೆ ದಾಟಿದರೆ ಕಣ್ಣು ಹಾಯುವಷ್ಟು ದೂರ ಮುಸುಕಿನ ಜೋಳ, ಅದು ಬಿಟ್ಟರೆ ಸೋಯಾ. ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಹಂದಿ ಸಾಕುವ ರಾಜ್ಯವೂ ಇದೇ. ಪಕ್ಕದ ತೋಟದ ಮನೆಯ ಹನ್ನೆರಡು ವರ್ಷದ ಹುಡುಗಿ ನನ್ನ ಮೊಮ್ಮಗಳ ಗೆಳತಿ. ಅವಳು 'ಫೋರ್ ಎಚ್' ಎಂಬ ಮಕ್ಕಳ ಸಂಘದ ಸದಸ್ಯೆ. ತಲೆ, ಹೃದಯ, ಕೈ, ಆರೋಗ್ಯ: ಇಂಗ್ಲಿಷಿನಲ್ಲಿ ಈ ನಾಲ್ಕೂ 'ಎಚ್' ಅಕ್ಷರದಿಂದಲೇ ಶುರುವಾಗುತ್ತವೆ, ಅದಕ್ಕೇ ಆ ಹೆಸರು. ಆ ಸಂಘದ ಮಕ್ಕಳು ಒಂದು ಪ್ರಾಣಿಯನ್ನು ತಾವೇ ಸಾಕಿ, ಮೇವಿನ ಲೆಕ್ಕ ಬರೆದಿಟ್ಟು, ಮೇಳದಲ್ಲಿ ನಡೆಸಿ ತೋರಿಸುತ್ತಾರೆ. ಇವಳದು 'ಬಿಸ್ಕಿಟ್' ಎಂಬ ಕಂದು ಹಂದಿ. ಜೂನ್ ತಿಂಗಳಲ್ಲೇ ಅದು ನನಗಿಂತ ಭಾರವಾಗಿತ್ತು.

ಎತ್ತಿಗೆ ಮೂಗುದಾರ ಉಂಟು, ನಾಯಿಗೆ ಪಟ್ಟಿ ಉಂಟು. ಮೇಳದ ಹಂದಿಗೆ ಹಗ್ಗವೇ ಇಲ್ಲ! ಹುಡುಗಿಯ ಕೈಯಲ್ಲಿ ಒಂದು ತೆಳು ಕೋಲು, ಅಷ್ಟೇ. ಅದೂ ಹೊಡೆಯಲಿಕ್ಕಲ್ಲ. ಪಕ್ಕೆಗೆ ಮೆಲ್ಲಗೆ ತಟ್ಟಿದರೆ ಮುಂದೆ ನಡೆ ಎಂದು ಅರ್ಥ. ಎಡ ದವಡೆಗೆ ಮುಟ್ಟಿಸಿದರೆ ಬಲಕ್ಕೆ, ಬಲ ದವಡೆಗೆ ಮುಟ್ಟಿಸಿದರೆ ಎಡಕ್ಕೆ. ಈ ಭಾಷೆ ಹಂದಿಗೆ ಒಂದೇ ದಿನದಲ್ಲಿ ಬರುವುದಿಲ್ಲ. ಮೊದಲ ವಾರ ಅವಳು ದೊಡ್ಡಿಯೊಳಗೆ ಬಕೆಟ್ ಬೋರಲು ಹಾಕಿ ಸುಮ್ಮನೆ ಕೂತಿದ್ದಳಂತೆ. ಹಂದಿ ತಾನಾಗಿ ಬಂದು ಮೂಸುವವರೆಗೂ ಕೈ ಚಾಚಲಿಲ್ಲವಂತೆ. ಆಮೇಲೆ ಹೊಟ್ಟೆ ಕೆರೆದದ್ದು, ಆಮೇಲೆ ಕೋಲಿನಿಂದಲೇ ಕೆರೆದದ್ದು, ಕೋಲು ಕಂಡರೆ ಹೆದರಿಕೆ ಬಾರದಿರಲೆಂದು. ಆಮೇಲಷ್ಟೇ ಹೊರಗೆ ನಡಿಗೆ.

ನಡಿಗೆ ಬೆಳಿಗ್ಗೆ ಆರಕ್ಕೇ. ಹಂದಿಗೆ ನಮ್ಮ ಹಾಗೆ ಮೈ ತುಂಬ ಬೆವರುವುದಿಲ್ಲ, ಬಿಸಿಲೇರಿದರೆ ಬೇಗ ಬಳಲುತ್ತದೆ. ಮೊದಲು ಐದು ನಿಮಿಷ, ಆಮೇಲೆ ಹತ್ತು, ಹದಿನೈದು. ತಲೆ ಎತ್ತಿ ನೆಟ್ಟಗೆ ನಡೆದರೆ ಕೊನೆಗೊಂದು ಮಾರ್ಷ್‌ಮ್ಯಾಲೋ ಮಿಠಾಯಿ.

ಒಂದು ಬೆಳಿಗ್ಗೆ ಬಿಸ್ಕಿಟ್ ದಾರಿಯಲ್ಲಿ ನಿಂತುಬಿಟ್ಟಿತು. ಕಂಬದ ನೆರಳು ಅಡ್ಡ ಬಿದ್ದಿತ್ತು. ಹುಡುಗಿ ಕಾಯುತ್ತ ನಿಂತಳು. ನನಗೆ ತಡೆಯಲಿಲ್ಲ. "ಹೈ! ಹೈ!" ಎಂದು ಎತ್ತಿಗೆ ಕೂಗುವ ಹಾಗೆ ಕೂಗಿ ಚಪ್ಪಾಳೆ ತಟ್ಟಿದೆ. ಬಿಸ್ಕಿಟ್ ಒಂದೇ ನೆಗೆತಕ್ಕೆ ಜೋಳದ ಹೊಲ ಹೊಕ್ಕಿತು! ನಾನು ಹಿಂದೆ ಓಡಿದಷ್ಟೂ ಅದು ಮುಂದೆ ಓಡಿತು. ಹುಡುಗಿ ಮಾತ್ರ ಓಡಲಿಲ್ಲ. ಹೊಲದ ಬದುವಿನಲ್ಲಿ ಕೂತು ಮೇವಿನ ಬಕೆಟನ್ನು ಮೆಲ್ಲಗೆ ಅಲ್ಲಾಡಿಸಿದಳು. ಅರ್ಧ ಗಂಟೆಗೆ ಬಿಸ್ಕಿಟ್ ತಾನೇ ಬಂದಿತು. ಅವಳು ನನ್ನನ್ನು ಬೈಯಲಿಲ್ಲ. ಅವಳು ಹೇಳಿದ್ದನ್ನು ಮೊಮ್ಮಗಳು ಕನ್ನಡ ಮಾಡಿ ಹೇಳಿದಳು: "ಒಂದು ಸಲ ಹೆದರಿದರೆ ಒಂದು ವಾರದ ಕೆಲಸ ಹಾಳಂತೆ, ತಾತ."

ಮರುದಿನದಿಂದ ನಾನು ಬಾಯಿ ಮುಚ್ಚಿಕೊಂಡು ಬಕೆಟ್ ಹಿಡಿಯುವ ಕೆಲಸಕ್ಕೆ ಸೇರಿದೆ.

ಆಗಸ್ಟ್‌ನಲ್ಲಿ ಅಯೋವಾ ರಾಜ್ಯ ಮೇಳ. 1854ರಲ್ಲಿ ಶುರುವಾದ ಈ ಮೇಳಕ್ಕೆ ಈಗ ಹನ್ನೊಂದು ದಿನಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಬೆಣ್ಣೆಯಲ್ಲೇ ಮಾಡಿದ ಆಳೆತ್ತರದ ಹಸು ನೋಡಿದೆ. 1911ರಿಂದ ನಡೆದುಬಂದ ಪದ್ಧತಿಯಂತೆ. ಆದರೆ ನನ್ನ ಎದೆ ಡವಡವ ಎಂದದ್ದು ಹಂದಿಗಳ ಅಖಾಡದ ಬೇಲಿಯ ಬಳಿ.

ಒಟ್ಟಿಗೇ ಹತ್ತಾರು ಮಕ್ಕಳು, ಹತ್ತಾರು ಹಂದಿಗಳು. ಹಂದಿಗಳು ಜಗಳಕ್ಕೆ ಬಿದ್ದರೆ ನಡುವೆ ಅಡ್ಡ ಹಿಡಿಯಲು ಹಲಗೆ ಹಿಡಿದ ದೊಡ್ಡವರು ಸಿದ್ಧರಾಗಿ ನಿಂತಿದ್ದರು. ಮಕ್ಕಳ ಒಂದು ಕಣ್ಣು ಹಂದಿಯ ಮೇಲೆ, ಇನ್ನೊಂದು ತೀರ್ಪುಗಾರರ ಮೇಲೆ. ಹಂದಿಗೂ ತೀರ್ಪುಗಾರರಿಗೂ ನಡುವೆ ತಾವು ಅಡ್ಡ ಬರಬಾರದು. ಅರ್ಧ ಸುತ್ತಿನಲ್ಲಿ, ನೀರು ಚೆಲ್ಲಿದ್ದ ಕಡೆ, ಬಿಸ್ಕಿಟ್ ನಿಂತುಬಿಟ್ಟಿತು. ಹುಡುಗಿಯೂ ನಿಂತಳು. ನಾನು ಎರಡೂ ಕೈ ಜೇಬಿಗೆ ಹಾಕಿಕೊಂಡೆ. ಅವಳು ಕೋಲಿನ ತುದಿಯಿಂದ ಅದರ ಪಕ್ಕೆ ಕೆರೆದಳು. ಬಿಸ್ಕಿಟ್ ಒದ್ದೆ ನೆಲ ಮೂಸಿತು, ತಲೆ ಎತ್ತಿತು, ದಾಟಿತು.

ಸಿಕ್ಕಿದ್ದು ಆರನೆಯ ಸ್ಥಾನ. ಅವಳು ನಕ್ಕಳು. ಸಂಜೆ ಮಾತ್ರ ದೊಡ್ಡಿಯಲ್ಲಿ ಬಿಸ್ಕಿಟ್‌ನ ಬೆನ್ನಿಗೆ ಒರಗಿ ಬಹಳ ಹೊತ್ತು ಕೂತಿದ್ದಳು. ಮೇಳ ಮುಗಿದ ಮೇಲೆ ಹಂದಿ ಮಾಂಸಕ್ಕೆ ಮಾರಾಟವಾಗುತ್ತದೆ. ಅದು ಅವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನವೂ ಅದರ ಮೇಲೆ ದನಿ ಏರಿಸಲಿಲ್ಲ.

ಕಾರಿನಲ್ಲಿ ಮೊಮ್ಮಗಳು ಕೇಳಿದಳು: "ತಾತ, ನಿಮ್ಮ ರಾಮ, ಲಕ್ಷ್ಮಣ ಎತ್ತುಗಳು ಕೊನೆಗೆ ಏನಾದವು?"

ಮುದಿಯಾಗಿ ಮನೆಯಲ್ಲೇ ಸತ್ತವು ಎಂದು ಅವಳಿಗೆ ಹಿಂದೊಮ್ಮೆ ಕಥೆ ಹೇಳಿದ್ದೆ. ಆ ದಿನ ನಿಜ ಹೇಳಿದೆ. ಮಳೆ ಕೈಕೊಟ್ಟ ವರ್ಷ ಅಪ್ಪ ಅವನ್ನು ಘಾಟಿ ಜಾತ್ರೆಯಲ್ಲಿ ಮಾರಿದರು. ಬರುವಾಗ ಬರೀ ಹಗ್ಗ ನನ್ನ ಹೆಗಲ ಮೇಲಿತ್ತು. ಊರು ಬರುವ ತನಕ ನಾವಿಬ್ಬರೂ ಮಾತಾಡಲಿಲ್ಲ.

ಮೊಮ್ಮಗಳು ಏನೂ ಹೇಳಲಿಲ್ಲ, ನನ್ನ ಕೈ ಹಿಡಿದುಕೊಂಡಳು. ಮರುದಿನ ಬೆಳಿಗ್ಗೆ ಆರಕ್ಕೆ ನೋಡಿದರೆ ಅವಳೇ ಎದ್ದು ಚಪ್ಪಲಿ ಮೆಟ್ಟಿ ನಿಂತಿದ್ದಾಳೆ. "ನಡೀರಿ ತಾತ, ಅವಳೊಬ್ಬಳೇ ಇರ್ತಾಳೆ" ಎಂದಳು. ನಾವು ಮೂವರೂ ಆ ದಾರಿಯಲ್ಲಿ, ಹಂದಿಯಿಲ್ಲದೆ, ಹದಿನೈದು ನಿಮಿಷ ನಡೆದೆವು.