ಹೆಮ್ಮಿಗೆಗೆ ಎಷ್ಟು ದೂರ?

ನಂಜನಗೂಡು, ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಹಿರಿಯರು ದೂರವನ್ನು ಹೊತ್ತಿನಿಂದ ಅಳೆಯುತ್ತಿದ್ದರು. ಬೆಳ್ಳಿ ಮೂಡುವಾಗ ಹೊರಟರೆ ಬಿಸಿಲೇರುವಷ್ಟರಲ್ಲಿ ಜಾತ್ರೆ ಸೇರಬಹುದು ಎಂದರೆ ಸಾಕು, ಮೈಲಿಗಳ ಮಾತು ಬೇಕಿರಲಿಲ್ಲ. ಆ ಅಳತೆ ಎಷ್ಟು ಸರಿಯಾದುದೆಂಬುದನ್ನು ಹೆಮ್ಮಿಗೆಯ ಒಂದು ಮನೆಯಲ್ಲಿ ನಾವು ನಮ್ಮದೇ ತಪ್ಪಿನಿಂದ ಕಲಿತೆವು.

ಕೆಲವು ವರ್ಷಗಳ ಹಿಂದಿನ ಮಾತು. ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ಆ ಮನೆಯ ಹಿರಿಯ ತಾಯಿ ಲಿಂಗೈಕ್ಯರಾದರು. ಒಬ್ಬನೇ ಮಗ ಕ್ಯಾಲಿಫೋರ್ನಿಯದಲ್ಲಿದ್ದ. ‘ಶನಿವಾರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ನೇರ ವಿಮಾನದಲ್ಲಿ ಹೊರಡುವೆ’ ಎಂದು ತಿಳಿಸಿದ್ದ. ಪ್ರಯಾಣಕ್ಕೆ ಹದಿನೇಳು ಗಂಟೆಗೂ ತುಸು ಹೆಚ್ಚು ಎಂಬುದನ್ನು ನಾವು ಪತ್ರಿಕೆಯಲ್ಲಿ ಓದಿದ್ದೆವು. ಮನೆಯವರು ಕೇಳಲಾಗಿ, ‘ಭಾನುವಾರ ಮಧ್ಯಾಹ್ನ ಇಳಿಯುವನು, ಸಂಜೆಗೆ ಬಂದಾನು’ ಎಂದು ಲೆಕ್ಕ ಒಪ್ಪಿಸಿದೆವು. ಅದರಂತೆ ಸಮಾಧಿಕ್ರಿಯೆಯು ಭಾನುವಾರ ಸಂಜೆಗೆ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಮಗನ ಕರೆ ಬಂತು: ‘ಈಗಷ್ಟೇ ವಿಮಾನ ಹತ್ತಿದೆ.’

ಅವನು ಹೊರಟದ್ದು ಶನಿವಾರ ರಾತ್ರಿಯೇ ಹೌದು, ಆದರೆ ಅಲ್ಲಿಯ ಶನಿವಾರ ರಾತ್ರಿ. ಚಳಿಗಾಲದಲ್ಲಿ ಆ ಊರಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. 2021ರ ಜನವರಿ 9ರ ರಾತ್ರಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದ ಮಹಿಳಾ ತಂಡವು ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಉತ್ತರ ಧ್ರುವದ ಮೇಲೆ ಹಾಯಿಸಿ ತಂದಾಗಲೂ, ಅದು ಬೆಂಗಳೂರಿನಲ್ಲಿ ಇಳಿದದ್ದು 11ರ ನಸುಕಿಗೆ. ಎರಡು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 14,000 ಕಿಲೋಮೀಟರ್. ಭೂಮಿ ಗುಂಡಾಗಿರುವುದರಿಂದ ಹತ್ತಿರದ ದಾರಿ ಉತ್ತರಕ್ಕೆ ಬಾಗುತ್ತದೆ. ಗಾಳಿಯ ಅನುಕೂಲ ನೋಡಿ ವಿಮಾನವು ಬಳಸಿ ಹೋಗುವುದೂ ಉಂಟು. ಇವೆಲ್ಲದರ ಮೇಲೆ ಹೊರಡುವ ಮುನ್ನ ಮೂರು ಗಂಟೆಯ ಕಾಯುವಿಕೆ, ಇಳಿದ ಮೇಲೆ ತಪಾಸಣೆ, ದೇವನಹಳ್ಳಿಯಿಂದ ಬೆಂಗಳೂರನ್ನು ದಾಟಿ ಕಾವೇರಿಯ ಸೀಮೆಗೆ ನಾಲ್ಕೈದು ಗಂಟೆಯ ರಸ್ತೆ. ಮಗನು ಮನೆ ಸೇರುವುದು ಸೋಮವಾರ ಒಂಬತ್ತಕ್ಕೆ!

ನಾವು ತಲೆ ತಗ್ಗಿಸಿ ಹೇಳಿದೆವು. ಮನೆಯೆಲ್ಲ ಸುಮ್ಮನಾಯಿತು. ಕೊನೆಗೆ ಮಗಳು, ‘ಅವ್ವ ಯಾರನ್ನೂ ಕಾಯಿಸಿದವಳಲ್ಲ, ಈಗಲೂ ಬೇಡ’ ಎಂದಳು. ಸಂಜೆ ಆರು ಗಂಟೆಗೆ ಕ್ರಿಯೆ ಮುಗಿಯಿತು.

ಸೋಮವಾರ ಬಂದ ಮಗ ಸಮಾಧಿಯ ಬಳಿ ಬಹಳ ಹೊತ್ತು ಕುಳಿತಿದ್ದ. ನಮ್ಮನ್ನು ದೂರಲಿಲ್ಲ. ಎಷ್ಟು ಹೊತ್ತಿಗೆ ಆಯಿತೆಂದು ಮಾತ್ರ ಕೇಳಿದ. ಹೇಳಿದೆವು. ಬೆರಳು ಎಣಿಸಿ, ‘ಆಗ ನಾನು ಧ್ರುವದ ಕಡೆ ಇದ್ದೆ. ಕಿಟಕಿಯ ಹೊರಗೆ ಬರೀ ಕತ್ತಲೆ’ ಎಂದ.

ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ದೂರದೇಶದಲ್ಲಿದ್ದಾರೆ. ಸದ್ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟೆ: ವಿಮಾನಕ್ಕೆ ಎಷ್ಟು ಗಂಟೆ ಎಂದು ಕೇಳಬೇಡಿ. ನಮ್ಮ ಗಡಿಯಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಮನೆಯ ಹೊಸಿಲು ತುಳಿಯುವೆ ಎಂದು ಕೇಳಿರಿ. ಹಿರಿಯರ ಅಳತೆಯೂ ಅದೇ ಆಗಿತ್ತು.