ಗುಣದಾಳಕ್ಕೆ ಬಂದ ಸ್ವರಾಜ್ಯ

ಸ್ವಾತಂತ್ರ್ಯಪೂರ್ವದ ನಕಾಶೆಯನ್ನು ಹರಡಿ ಬಾಗಲಕೋಟೆಯ ಸೀಮೆಯನ್ನು ನೋಡಿದವರಿಗೆ ಅದೊಂದು ಕೌದಿಯಂತೆ ಕಾಣದಿರದು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ಹುನಗುಂದದ ಪೂರ್ವದ ಎಲ್ಲೆಯನ್ನು ದಾಟಿದರೆ ನಿಜಾಮನ ಸೀಮೆ. ಇಷ್ಟನ್ನು ಬಲ್ಲವರು ಇಂದಿಗೂ ಇದ್ದಾರೆ. ಆದರೆ ಕೃಷ್ಣೆಯ ಉತ್ತರದಲ್ಲಿ, ವಿಜಾಪುರದ ಸೀಮೆಯೊಳಗೇ, ಬೇರೊಂದು ಬಣ್ಣದ ಚಿಕ್ಕ ತೇಪೆಯೊಂದಿತ್ತೆಂಬುದು ಬಹುಮಂದಿಗೆ ಮರೆತೇಹೋಗಿದೆ. ಅದು ಗುಣದಾಳ. ಅದರ ಒಡೆಯನು ಇದ್ದುದು ಬಹುದೂರದ ಸಾತಾರೆಯ ಕಡೆ, ಔಂಧದಲ್ಲಿ.

ಔಂಧ ಸಂಸ್ಥಾನವು ದೊಡ್ಡದೇನೂ ಅಲ್ಲ. 501 ಚದರ ಮೈಲಿ, 72 ಹಳ್ಳಿಗಳು, ಮುಕ್ಕಾಲು ಲಕ್ಷದಷ್ಟು ಜನ. ಅದೂ ಒಂದೆಡೆ ಕೂಡಿದ ನೆಲವಲ್ಲ. ಔಂಧ, ಕುಂಡಲ, ಆಟಪಾಡಿ ಎಂಬ ಮರಾಠಿಯ ಮೂರು ತಾಲೂಕುಗಳು, ಗುಣದಾಳವೆಂಬ ಕನ್ನಡದ ಒಂದು ತಾಲೂಕು. ರಾಜರಾದ ಭವಾನರಾವ್ ಪಂತ ಪ್ರತಿನಿಧಿಯವರು ಚಿತ್ರಕಾರರು, ಸೂರ್ಯನಮಸ್ಕಾರದ ಮಹಾ ಪ್ರಚಾರಕರು. ಮಹಾಭಾರತದ ಸಂಶೋಧಿತ ಆವೃತ್ತಿಗಾಗಿ ಪುಣೆಯ ಭಾಂಡಾರಕರ ಸಂಸ್ಥೆಗೆ ನೆರವಿತ್ತ ರಸಿಕರು. ಇಂಥವರು ಎಪ್ಪತ್ತರ ವಯಸ್ಸಿನಲ್ಲಿ, 1938ರ ಕೊನೆಗೆ, ತಮ್ಮ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸುವೆನೆಂದು ಸಾರಿದರು. ಅದೇ ವರ್ಷದ ಏಪ್ರಿಲಿನಲ್ಲಿ ಮೈಸೂರು ಸಂಸ್ಥಾನದ ವಿದುರಾಶ್ವತ್ಥದಲ್ಲಿ ಧ್ವಜವನ್ನೆತ್ತಲು ಬಂದ ಜನರ ಮೇಲೆ ಗುಂಡು ಹಾರಿದ್ದಿತು. ಸಂಸ್ಥಾನಗಳಲ್ಲೆಲ್ಲ ಪ್ರಜೆಗಳು ಬೇಡುವುದು, ಅರಸರು ಮುಂದೂಡುವುದು ನಡೆದಿದ್ದ ಕಾಲವದು. ಕೇಳುವ ಮೊದಲೇ ಕೊಡುವ ಅರಸನು ಅಪರೂಪ.

ರಾಜ್ಯಘಟನೆಯನ್ನು ಬರೆಯಲು ಕುಳಿತವರಾದರೂ ಎಂಥವರು! ಒಬ್ಬರು ರಾಜಪುತ್ರ ಅಪ್ಪಾ ಪಂತ, ಆಕ್ಸ್‌ಫರ್ಡಿನಲ್ಲಿ ಕಲಿತು ಬಂದ ತರುಣ ಬ್ಯಾರಿಸ್ಟರ್. ಇನ್ನೊಬ್ಬರು ಮಾರಿಸ್ ಫ್ರಿಡ್‌ಮನ್, ಪೋಲೆಂಡಿನ ಎಂಜಿನಿಯರು. ಬೆಂಗಳೂರಿನ ಸರಕಾರಿ ವಿದ್ಯುತ್ ಕಾರಖಾನೆಗೆ ಕೆಲಸಕ್ಕೆಂದು ಬಂದವರು, ಕಾವಿಯುಟ್ಟು ಭಾರತಾನಂದರೆನಿಸಿದವರು. ಇವರಿಬ್ಬರೂ ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯವರ ಸಲಹೆಯನ್ನು ಬೇಡಿದರು. ಪುಸ್ತಕಗಳಿಂದ ಪಾರ್ಲಿಮೆಂಟನ್ನು ಎತ್ತಿ ತಂದು ಔಂಧದಲ್ಲಿ ನಡುವುದು ಗಾಂಧೀಜಿಗೆ ಬೇಕಿರಲಿಲ್ಲ. ಕಟ್ಟಡವು ಹಳ್ಳಿಯಿಂದಲೇ ಮೇಲೇಳಬೇಕು. ಹೀಗಾಗಿ ಗ್ರಾಮಸ್ಥರು ಆರಿಸಿದ ಐವರ ಪಂಚಾಯತಿ. ಪಂಚಾಯತಿಗಳ ಅಧ್ಯಕ್ಷರು ಕೂಡಿದರೆ ತಾಲೂಕು ಸಭೆ. ತಾಲೂಕು ಸಭೆಗಳಿಂದ ಸಂಸ್ಥಾನದ ಶಾಸನಸಭೆ. ಕಂದಾಯದ ಸುಮಾರು ಅರ್ಧ ಭಾಗವು ಹಳ್ಳಿಗಳ ಕಾರ್ಯಕ್ಕೇ ಮರಳತಕ್ಕದ್ದು. ವ್ಯಾಜ್ಯಗಳು ಊರಿನಲ್ಲಿಯೇ, ಅಗ್ಗವಾಗಿ, ತ್ವರಿತವಾಗಿ ತೀರತಕ್ಕದ್ದು. ಅರಸನ ಖರ್ಚಿಗೂ ಮಿತಿ. 1939ರ ಜನೆವರಿ 21ರಂದು ಈ ಘಟನೆ ಜಾರಿಗೆ ಬಂದಿತು.

ಇಲ್ಲಿ ಒಂದು ಮಾತಿಗೆ ವಾಚಕರು ಬೆರಗಾಗಬಹುದು. ಮತ ಹಾಕುವವನಿಗೆ ಅಕ್ಷರಜ್ಞಾನ ಇರಬೇಕೆಂದು ಗಾಂಧೀಜಿ ಸೂಚಿಸಿದರು. 1939ರ ಜನೆವರಿಯ ‘ಹರಿಜನ’ದಲ್ಲಿ ಇದನ್ನು ಸಮರ್ಥಿಸಿಯೂ ಬರೆದರು. ದರಿದ್ರನಾರಾಯಣನ ಪರವಾಗಿ ಬಾಳಿದವರಿಂದಲೇ ಇಂಥ ಷರತ್ತೆ? ಮತದ ಆಸೆಯಿಂದಲಾದರೂ ಊರವರು ಅಕ್ಷರ ಕಲಿಯಲಿ ಎಂಬ ತರ್ಕ ಇದರ ಹಿಂದಿದ್ದಿರಬೇಕು. ತರ್ಕವೇನೋ ಚೆನ್ನ. ಆದರೆ ಅಕ್ಷರವನ್ನು ಕಲಿಸದೆ ಬಿಟ್ಟವನು ಆಳುವವನು. ಮತವನ್ನು ಕಳೆದುಕೊಳ್ಳುವವನು ಮಾತ್ರ ಎರೆಹೊಲದ ಬಿಳಿಜೋಳ ಬೆಳೆಯುವ ಒಕ್ಕಲಿಗ. ಗಾಂಧೀಜಿಯವರ ಮಾತಿನಲ್ಲಿ ಈ ಒಂದನ್ನು ಒಪ್ಪುವುದು ಕಷ್ಟ. ಅದರಲ್ಲಿಯೂ ಗುಣದಾಳದವನ ಪಾಡು ಬೇರೆ: ಮನೆಮಾತು ಕನ್ನಡ, ಉಳಿದ ಮೂರು ತಾಲೂಕುಗಳ ಮಾತು ಮರಾಠಿ. ಓದುಬರಹ ಕಲಿತ ಮೇಲೂ ಔಂಧದ ಸಭೆಯಲ್ಲಿ ಅವನು ಅಲ್ಪಸಂಖ್ಯಾತನೇ.

ಈ ಪ್ರಯೋಗದ ಒಂದು ಕವಲು ಮಾತ್ರ ಎಲ್ಲರಿಗೂ ಪರಿಚಿತ, ಅದೂ ಬೆಳ್ಳಿತೆರೆಯ ಮೂಲಕ. ಆಟಪಾಡಿಯ ಬಳಿ ಸ್ವತಂತ್ರಪುರವೆಂಬ ಬಯಲು ಸೆರೆಮನೆಯನ್ನು ಸ್ಥಾಪಿಸಿ ಕೈದಿಗಳನ್ನು ಬೇಸಾಯಕ್ಕೆ ಹಚ್ಚಲಾಯಿತು. ಶಾಂತಾರಾಮರು 1957ರಲ್ಲಿ ತೆರೆಗೆ ತಂದ ‘ದೋ ಆಂಖೇ ಬಾರಹ್ ಹಾಥ್’ ಚಿತ್ರದ ಬೇರು ಅಲ್ಲಿದೆ.

ಔಂಧದ ಸ್ವರಾಜ್ಯ ಬಾಳಿದ್ದು ಒಂಬತ್ತು ವರ್ಷ. ದೇಶವೇ ಸ್ವತಂತ್ರವಾದ ಮೇಲೆ ಚಿಕ್ಕ ಸಂಸ್ಥಾನಗಳಿಗೆ ಪ್ರತ್ಯೇಕ ಬಾಳು ಉಳಿಯಲಿಲ್ಲ. 1948ರ ಮಾರ್ಚ್ 8ರಂದು ಔಂಧವು ಮುಂಬಯಿಯಲ್ಲಿ ವಿಲೀನವಾಯಿತು. ಅದೇ ದಿನ ಜಮಖಂಡಿಯೂ ವಿಲೀನವಾಯಿತು. ಅಲ್ಲಿ ಆಗ ದಿವಾನರಾಗಿದ್ದವರು ಸಾವಳಗಿಯ ಬಸಪ್ಪ ದಾನಪ್ಪ ಜತ್ತಿಯವರು. ದಿವಾನಗಿರಿ ತೀರಿದೊಡನೆ ಅವರು ವಕೀಲಿಗೆ ಮರಳಿದರು. ಮುಂದೆ ಮೈಸೂರಿನ ಮುಖ್ಯಮಂತ್ರಿಗಳಾದರು, 1977ರಲ್ಲಿ ಕೆಲಕಾಲ ರಾಷ್ಟ್ರಪತಿಗಳ ಸ್ಥಾನದಲ್ಲಿಯೂ ಕುಳಿತರು. ಜಮಖಂಡಿಯ ಅರಸರು ಒಂದು ರುಜುವಿನಿಂದ ರಾಜ್ಯವನ್ನು ಬಿಟ್ಟರು. ಔಂಧದಲ್ಲಿ ಹೀಗೆ ಬಿಟ್ಟುಕೊಟ್ಟವರು ಯಾರು? ಅರಸರು ಅಧಿಕಾರವನ್ನು ಆಗಲೇ ಕೊಟ್ಟಾಗಿತ್ತು. ಹೋದದ್ದು ಹಳ್ಳಿಗರ ಘಟನೆ.

ಆ ವರ್ಷವೇ ದಿಲ್ಲಿಯ ಘಟನಾ ಸಭೆಯಲ್ಲಿ ಇದೇ ಪ್ರಶ್ನೆ ಎದ್ದಿತು. ಕರಡಿನಲ್ಲಿ ಹಳ್ಳಿಯ ಹೆಸರೇ ಇಲ್ಲವೆಂದು ಗಾಂಧೀವಾದಿಗಳು ಕೊರಗಿದರು. ನವೆಂಬರ್ 4ರಂದು ಕರಡನ್ನು ಮಂಡಿಸಿದ ಡಾ. ಅಂಬೇಡ್ಕರರು, ಹಳ್ಳಿಯೆಂಬುದು ಸಂಕುಚಿತ ಬುದ್ಧಿಯ, ಅಜ್ಞಾನದ, ಜಾತಿಭೇದದ ನೆಲೆ. ಘಟನೆಯ ಮೂಲಮಾನವಾಗಬೇಕಾದವನು ವ್ಯಕ್ತಿ ಎಂಬರ್ಥದಲ್ಲಿ ಕಟುವಾಗಿಯೇ ಉತ್ತರವಿತ್ತರು. ಊರ ಹೊರಗಿನ ಕೇರಿಯನ್ನು ಕಣ್ಣಾರೆ ಕಂಡವರು ಈ ಮಾತನ್ನು ತಳ್ಳಿಹಾಕಲಾರರು. ಊರಿನ ಐವರೇ ನ್ಯಾಯ ಹೇಳುವಲ್ಲಿ ಆ ಕೇರಿಯವನಿಗೆ ನ್ಯಾಯ ಸಿಗುವುದೆ ಎಂಬುದು ಔಂಧಕ್ಕೂ ಕೇಳಬೇಕಾದ ಪ್ರಶ್ನೆಯೇ. ನವೆಂಬರ್ 22ರಂದು ಸಂತಾನಂ ಅವರು ತಂದ ತಿದ್ದುಪಡಿಯನ್ನು ಅಂಬೇಡ್ಕರರು ಒಪ್ಪಿಕೊಂಡರು. ಅದೇ ಇಂದಿನ 40ನೆಯ ವಿಧಿ. ಸರಕಾರವು ಗ್ರಾಮ ಪಂಚಾಯತಿಗಳನ್ನು ರಚಿಸತಕ್ಕದ್ದೆಂದು ಅದು ಹೇಳುತ್ತದೆ. ಆದರೆ ರಚಿಸದಿದ್ದರೆ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಆ ಕೊರತೆಯನ್ನು ತುಂಬಿದ್ದು 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿ. ಕರ್ನಾಟಕವಾದರೋ ಅದಕ್ಕೂ ಮೊದಲೇ, ನಜೀರ್ ಸಾಬರ ಆಸ್ಥೆಯಿಂದ, 1983ರ ಕಾಯಿದೆಯ ಮೂಲಕ ಆ ದಾರಿ ಹಿಡಿದಿತ್ತು.

ಅಕ್ಷರದ ಷರತ್ತನ್ನು ಮಾತ್ರ ಘಟನಾ ಸಭೆ ಒಪ್ಪಲಿಲ್ಲ. 1951-52ರ ಮೊದಲ ಮಹಾಚುನಾವಣೆಯಲ್ಲಿ ಓದಲು ಬಾರದವರಿಗಾಗಿ ಜೋಡೆತ್ತು, ಗುಡಿಸಲು, ದೀಪಗಳ ಚಿತ್ರಗಳಿದ್ದವು. ಗುಣದಾಳದ ಒಕ್ಕಲಿಗನು ಆಗ ಮುಂಬಯಿ ರಾಜ್ಯದ ಮತದಾರ. 1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆಯೊಡನೆ ಅವನೂ ಕನ್ನಡ ರಾಜ್ಯಕ್ಕೆ ಬಂದನು. ಔಂಧ ಇಂದು ಸಾತಾರಾ ಜಿಲ್ಲೆಯಲ್ಲಿದೆ. ಕುಂಡಲ, ಆಟಪಾಡಿಗಳು ಸಾಂಗಲಿಯಲ್ಲಿ.